ಮುರಿಗೆಪ್ಪ ಮಾತು ಮುಗಿಸಿದ್ದು

ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಮೊದಲು ನೋಡುವುದು ಬಾಗಿಲನ್ನು. ತೆರೆದಿದ್ದರೆ ಒಳಗೆ ಹೋಗಿ ಕುಳಿತು ಎಷ್ಟು ಬೇಕಾದರೂ ಹರಟಬಹುದು. ಮುಚ್ಚಿದ್ದರೆ ಜಗಲಿಯ ಮೇಲೆ ಕೂರುವುದೇ ಮೇಲು. ಒಳಗೆ ಯಾರೋ ಮಾತು ಶುರುಮಾಡಿ ಇನ್ನೂ ಮುಗಿಸಿಲ್ಲ ಎಂದರ್ಥ. ಮುಚ್ಚಿದ ಕೋಣೆಯಲ್ಲಿ ಹೊರಟ ಮಾತು ಮುಗಿಯುವ ತನಕ ಆ ಕೋಣೆಯ ಬಾಗಿಲು ತೆರೆಯುವುದಿಲ್ಲ. ಒದ್ದರೂ ಇಲ್ಲ, ಹಾರೆ ಹಾಕಿ ಮೀಟಿದರೂ ಇಲ್ಲ. ಬಾಗಿಲೇ ಬೇಡವೆಂದು ಪರದೆ ಕಟ್ಟಿಸಿಕೊಂಡ ಬುದ್ಧಿವಂತರೂ ಇದ್ದರು. ಪರದೆ ಹಲಗೆಯ ಹಾಗೆ ಸೆಟೆದು ನಿಂತಿತು. ಬುದ್ಧಿವಂತರು ಮಾರನೆಯ ದಿನವೇ ಬಡಗಿಗೆ ಹೇಳಿಕಳಿಸಿದರು.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಬಂದ ಹೊಸದರಲ್ಲಿ ನನ್ನ ಅತ್ತೆ ಹೇಳಿಕೊಟ್ಟ ಮೊದಲ ಪಾಠ, "ಒಲೆ ಮೇಲೆ ಹಾಲಿಟ್ಟು ಕೋಣೆಗೆ ಹೋಗಿ ಮಾತು ಶುರು ಮಾಡ್ಬೇಡಮ್ಮ" ಎನ್ನುವುದು. ಮಿಕ್ಕದ್ದನ್ನು ನಾನೇ ನೋಡಿ ಕಲಿತೆ. ಇಲ್ಲಿ ಪ್ರತಿ ಕೋಣೆಯ ಬಾಗಿಲ ಪಕ್ಕದ ಗೋಡೆಯಲ್ಲೂ ಒಂದು ಊಟದ ತಟ್ಟೆ ಹಿಡಿಸುವಷ್ಟು ಕಿಂಡಿ ಇರುತ್ತದೆ. ನ್ಯಾಯ ಪಂಚಾಯಿತಿ ಹುಣಸೆಮರದ ಕೆಳಗೆ ಸೇರುತ್ತದೆ, ಯಾಕೆಂದರೆ ವಕೀಲರನ್ನು ಕೋಣೆಯೊಳಗೆ ಬಿಟ್ಟು ನೋಡಿ ಒಮ್ಮೆ ಬುದ್ಧಿ ಬಂದಿದೆ. ಗಂಡ ಹೆಂಡತಿ ಜಗಳ ಹಿತ್ತಲಲ್ಲಿ ಆಡುತ್ತಾರೆ. ರಾಜಿ ಮಾತ್ರ ಒಳಗೆ, ಬಾಗಿಲು ಹಾಕಿಕೊಂಡು. ಪರಸ್ಥಳದಿಂದ ಬಂದ ಪ್ರವಚನಕಾರರೊಬ್ಬರು ಮಠದ ಸಭಾಂಗಣದಲ್ಲಿ ಆತ್ಮದ ಬಗ್ಗೆ ಒಂದು ವಾಕ್ಯ ತೆಗೆದರಂತೆ. ಅದರೊಳಗೆ ಒಂದು ಉಪಕಥೆ, ಉಪಕಥೆಯೊಳಗೆ ಇನ್ನೊಂದು. ಕೇಳಲು ಹೋದವರು ಸಂಜೆಯ ಹಾಲು ಕರೆಯುವುದನ್ನೂ ತಪ್ಪಿಸಿಕೊಂಡು ಕುಳಿತರು. ಆತ್ಮದ ವಿಷಯ ಬಂದರೆ ಈಗಲೂ ನಮ್ಮೂರಿನವರು ಎದ್ದು ಹೋಗಿ ಬಾಗಿಲು ಮುಚ್ಚಿಕೊಳ್ಳದ ಹಾಗೆ ಕಲ್ಲು ಅಡ್ಡ ಇಟ್ಟು ಬರುತ್ತಾರೆ.

ಇಂಥ ಊರಿನಲ್ಲಿ ಹುಟ್ಟಿದವನು ನನ್ನ ಮೈದುನ ಮುರಿಗೆಪ್ಪ.

ಅವನಿಗೆ ತೊದಲಿಲ್ಲ. ಮಾತು ಬರುವುದಿಲ್ಲವೆಂದೂ ಅಲ್ಲ. ಹೇಳಬೇಕಾದದ್ದು ಅವನೊಳಗೆ ಇಡಿಯಾಗಿ ಇರುತ್ತದೆ, ಅದೇ ಅವನ ಕಷ್ಟ. ಅಂಚಿನ ತನಕ ತುಂಬಿದ ಪಾತ್ರೆ ಹೊತ್ತವನ ಹಾಗೆ, ಯಾವ ಕಡೆ ಬಗ್ಗಿಸಿದರೂ ಚೆಲ್ಲುತ್ತದೆಂದು ಹೆದರುತ್ತಾನೆ. ಎರಡು ಮೂರು ಪದ ಬರುತ್ತವೆ, ಆಮೇಲೆ ಅವನು ನಿಲ್ಲುತ್ತಾನೆ. ತುಟಿ ಅಲುಗುತ್ತದೆ, ಕಣ್ಣು ಸೂರಿನ ಕಡೆ ಹೋಗುತ್ತದೆ. ಬೇರೆ ಊರಿನಲ್ಲಾಗಿದ್ದರೆ ಗಂಭೀರ ಮನುಷ್ಯ ಅನ್ನುತ್ತಿದ್ದರು. ಇಲ್ಲಿ ಅವನು ಬಾಯಿ ತೆರೆದರೆ ಸಾಕು, ಹತ್ತಿರ ಇದ್ದವರು ಬಾಗಿಲಾಚೆ ಒಂದು ಕಾಲು ಇಟ್ಟುಕೊಳ್ಳುತ್ತಿದ್ದರು.

ಚಿಕ್ಕವನಿದ್ದಾಗ ಒಂದು ಸಲ ಜ್ವರ ಬಂದು ಕೋಣೆಯಲ್ಲಿ ಒಬ್ಬನೇ ಮಲಗಿದ್ದನಂತೆ. "ಅವ್ವಾ, ನನಗೆ" ಎಂದವನು ಅಲ್ಲಿಗೇ ನಿಂತ. ಡಾಕ್ಟರು ಹೊರಗೆ, ಮಗು ಒಳಗೆ. ಅವ್ವ ಕಿಂಡಿಯಲ್ಲಿ ತೋಳು ಹಾಕಿ ಹಾಸಿಗೆಯ ಅಂಚು ಮುಟ್ಟಲು ನೋಡಿ, ಸಿಕ್ಕದೆ ಅಳುತ್ತಿದ್ದರು. ಆಗ ಅವನ ಅಕ್ಕ ಶಿವಗಂಗಕ್ಕ, ಲಂಗ ಉಡುವ ಹುಡುಗಿ, ಅವ್ವನನ್ನು ಪಕ್ಕಕ್ಕೆ ಸರಿಸಿ ಕಿಂಡಿಗೆ ಬಾಯಿಟ್ಟು, "ನೀರು ಬೇಕೇನೋ? ಹೊದಿಕೆ ಬೇಕೇನೋ? ಹೊಟ್ಟೆ ನೋಯ್ತದೇನೋ?" ಎಂದು ಒಂದೊಂದಾಗಿ ಕೇಳುತ್ತ ಹೋದಳು. ಯಾವುದಕ್ಕೋ ಅವನ ತಲೆ ಅಲ್ಲಾಡಿತು. ಬಾಗಿಲು ತೆರೆಯಿತು.

ಬಾಗಿಲಿಗೆ ಬೇಕಾದದ್ದು ಮಾತು ಮುಗಿಯುವುದು. ಮುಗಿಸಿದ್ದು ಯಾರು, ಮುಗಿದದ್ದು ನಿಜವೋ ಎಂದೆಲ್ಲ ಅದು ವಿಚಾರಿಸುವುದಿಲ್ಲ. ಆಡಿದವನು ತಲೆ ಆಡಿಸಿದರೆ ಅದಕ್ಕೆ ಸಾಕು. ಇನ್ನೊಬ್ಬರ ಮಾತಿಗೆ ಹೀಗೆ ಬಾಲ ಜೋಡಿಸುವುದಕ್ಕೆ ನಮ್ಮೂರಲ್ಲಿ 'ಕೊನೆ ಕೊಡುವುದು' ಅನ್ನುತ್ತಾರೆ. ಅದು ಉಪಕಾರದ ಕೆಲಸ. ಕೊನೆ ಕೊಡುವುದರಲ್ಲಿ ಶಿವಗಂಗಕ್ಕನನ್ನು ಮೀರಿಸಿದವರಿಲ್ಲ. ಮದುವೆಯಾಗಿ ಎರಡು ಬೀದಿ ಆಚೆಗೆ ಹೋದ ಮೇಲೂ, ತಮ್ಮ ಎಲ್ಲಿ ಸಿಕ್ಕಿಕೊಂಡಿದ್ದಾನೆಂದು ತಿಳಿದರೆ ಕೈಯಲ್ಲಿದ್ದ ಹಿಟ್ಟು ತೊಳೆಯದೆ ಓಡಿ ಬರುತ್ತಿದ್ದಳು. ಅವಳ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಮುರಿಗೆಪ್ಪ ತಲೆ ಆಡಿಸುವುದನ್ನು ಕಲಿತುಬಿಟ್ಟ. ಯಾರಿಗೋ ಕೆಲಸವಿರುತ್ತದೆ, ಯಾರಿಗೋ ಹಸಿವಾಗಿರುತ್ತದೆ, ಯಾರದೋ ಬಸ್ಸು ಹೊರಟಿರುತ್ತದೆ. ಹತ್ತಿರದ ಕೊನೆಗೆ ತಲೆ ಆಡಿಸಿ ಎಲ್ಲರನ್ನೂ ಬಿಡಿಸಿ ಕಳಿಸುತ್ತಿದ್ದ. ಬದನೆಕಾಯಿ ಪಲ್ಯ ಅಂದರೆ ಅವನಿಗೆ ಪ್ರಾಣ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ಆಸ್ತಿ ಹಂಚುವ ದಿನ, "ಅಪ್ಪಾ, ಈ ಹಿಟ್ಟಿನ ಗಿರಣಿ ನನಗೆ" ಎಂದು ಶುರುಮಾಡಿದ. "ಇರಲಿ ಅಂತಾನೆ" ಎಂದಳು ಶಿವಗಂಗಕ್ಕ. ಅವನು ಸೂರು ನೋಡಿದ, ನೆಂಟರು ಗಡಿಯಾರ ನೋಡಿದರು, ಅವನ ತಲೆ ಅಲ್ಲಾಡಿತು. ಅಂದಿನಿಂದ ಅವನ ರೆಪ್ಪೆಯ ಮೇಲೆ ಹಿಟ್ಟು.

ಗಿರಣಿ ಅವನಿಗೆ ಒಗ್ಗಿತು ಅನ್ನಬೇಕು. ಅದು ಮೂರು ಗೋಡೆಯ ಷೆಡ್ಡು, ಬಾಗಿಲಿಲ್ಲ. ಯಂತ್ರ ಓಡುತ್ತಿದ್ದರೆ ಯಾರೂ ಯಾರಿಂದಲೂ ಮಾತು ಬಯಸುವುದಿಲ್ಲ. ನುಣ್ಣಗೆ ಬೇಕೋ ತರಿ ಬೇಕೋ ಎಂದು ಕಾಳು ತಂದವರನ್ನು ಬೆರಳು ಉಜ್ಜಿ ಕೇಳುತ್ತಿದ್ದ, ಅವರು ಬೆರಳು ಉಜ್ಜಿ ಹೇಳುತ್ತಿದ್ದರು.

ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಹಾಕುವ ದೇವೀರಮ್ಮ ಅಲ್ಲಿಗೆ ಅಕ್ಕಿ ತರುತ್ತಿದ್ದಳು. ಮೂವತ್ತು ದಾಟಿದವಳು, ಒಬ್ಬಳೇ ಇರುವವಳು, ಬಾಯಿ ಜೋರು. ತೂಕದಲ್ಲಿ ಮೋಸಮಾಡುವ ಅಂಗಡಿಯವನಿಗೆ ಅವಳು ಕೊಡುವ ಉತ್ತರ ಕೇಳಲೆಂದೇ ಜನ ಸಾಮಾನು ಕೊಳ್ಳುವ ನೆಪದಲ್ಲಿ ನಿಲ್ಲುತ್ತಿದ್ದರು. ಒಂದು ದಿನ ಅವಳ ಅಕ್ಕಿ ಬೀಸುವಾಗ ಕರೆಂಟು ಹೋಯಿತು. ಆ ನಿಶ್ಶಬ್ದದಲ್ಲಿ ಏನನ್ನಿಸಿತೋ, ಮುರಿಗೆಪ್ಪ, "ಈ ಅಕ್ಕಿ ಸ್ವಲ್ಪ" ಎಂದ. ನಿಂತ. ಅವಳು ಚೀಲದ ಮೇಲೆ ಕುಳಿತು ಕಾದಳು. ಅಷ್ಟರಲ್ಲಿ ಕರೆಂಟು ಬಂದು, ಯಂತ್ರ ಕೂಗಿ, ಹಿಟ್ಟು ಬಿದ್ದು, ಅವಳು ಹೋದಳು. ಮಾರನೆಯ ದಿನ ಬರಿಗೈಯಲ್ಲಿ ಬಂದು ಯಂತ್ರ ನಿಲ್ಲಿಸಲು ಕೈ ಮಾಡಿ, "ನಿನ್ನೆ ಅಕ್ಕಿ ವಿಷಯ ಏನೋ ಹೇಳ್ತಿದ್ರಲ್ಲ, ಆಮೇಲೆ?" ಎಂದಳು.

ಆಮೇಲೆ ಇದ್ದದ್ದು ಇಷ್ಟೇ: ಅಕ್ಕಿ ಸ್ವಲ್ಪ ಹಳೆಯದಾಗಿದ್ದರೆ ಸಂಡಿಗೆ ಚೆನ್ನಾಗಿ ಅರಳುತ್ತದೆ. ಅದನ್ನು ಹೇಳಲು ಅವನಿಗೆ ಸಾಕಷ್ಟು ಹೊತ್ತು ಹಿಡಿಯಿತಂತೆ. ಅವತ್ತು ಅಂಗಳದಲ್ಲಿ ಊಟಕ್ಕೆ ಕುಳಿತವನು ಅನ್ನ ಕಲಸುತ್ತ, "ಅತ್ತಿಗೆ, ಅವರು… ಮಿಕ್ಕಿದ್ದು ಕೇಳೋಕೆ… ವಾಪಸ್ ಬಂದಿದ್ರು" ಎಂದ. ನಾನು ಓದಿದ ಪುಸ್ತಕಗಳಲ್ಲಿ ಪ್ರೇಮಕ್ಕೆ ಬಗೆಬಗೆಯ ಆರಂಭಗಳಿದ್ದವು. ಅಕ್ಕಿಯ ವಯಸ್ಸಿನಿಂದ ಆರಂಭವಾದದ್ದು ಇದೇ ಮೊದಲು.

ದೇವೀರಮ್ಮ ಯಾರಿಗೂ ಕೊನೆ ಕೊಡುವುದಿಲ್ಲ ಅನ್ನುವುದು ಊರಿಗೇ ಗೊತ್ತಿದ್ದ ವಿಷಯ, ಅದಕ್ಕೆ ಕಾರಣವೂ ಗೊತ್ತಿತ್ತು. ಅವಳಪ್ಪ ಲಕ್ವ ಹೊಡೆದು ಮಲಗಿದ್ದಾಗ, ಮುಚ್ಚಿದ ಕೋಣೆಯಲ್ಲಿ ಮಗಳ ಕೈ ಹಿಡಿದು "ದೇವೀರೀ, ನೀನು" ಎಂದರು. ಮುಂದೆ ನಾಲಿಗೆ ಏಳಲಿಲ್ಲ. ನೆಂಟರು ಕಿಂಡಿಗೆ ಮುತ್ತಿಕೊಂಡರು. ಮದುವೆ ಆಗು ಅಂತಾರೆ, ಮನೆ ಮಾರಬೇಡ ಅಂತಾರೆ, ಚಿಕ್ಕಪ್ಪನ ಮಾತು ಕೇಳು ಅಂತಾರೆ. ಕೊನೆಯದು ಚಿಕ್ಕಪ್ಪನೇ ಕೊಟ್ಟದ್ದು. ಯಾವುದೋ ಒಂದಕ್ಕೆ ಅಪ್ಪನ ತಲೆ ವಾಲಿತು, ಬಾಗಿಲು ತೆರೆಯಿತು, ಎಲ್ಲರೂ ನುಗ್ಗಿದರು. ಅವರು ತಲೆ ಆಡಿಸಿದ್ದೋ ಜೀವ ಹೋಗಿ ತಲೆ ವಾಲಿದ್ದೋ ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ. ಬಾಗಿಲು ಎರಡಕ್ಕೂ ತೆರೆಯುತ್ತದೆ.

ಸಂಬಂಧ ಕೇಳಲು ಶಿವಗಂಗಕ್ಕನೇ ಹೋದಳು, ಜೊತೆಗೆ ನನ್ನನ್ನೂ ಎಳೆದುಕೊಂಡು. ನಮ್ಮೂರಲ್ಲಿ ಮದುವೆ ನಿಶ್ಚಯವಾಗುವುದು ತಾಂಬೂಲದಿಂದಲ್ಲ, ಒಪ್ಪಿಗೆ ಮಾತಿನಿಂದ. ಗಂಡು ಹೆಣ್ಣು ಇಬ್ಬರೂ ಸಾಕ್ಷಿಯ ಎದುರಿಗೆ ಕೋಣೆಯ ಬಾಗಿಲು ಮುಚ್ಚಿಕೊಂಡು ಒಂದೊಂದು ಮಾತು ಹೇಳಬೇಕು, ಮೊದಲು ಗಂಡು, ಆಮೇಲೆ ಹೆಣ್ಣು. ಬಾಗಿಲು ತೆರೆದುಕೊಂಡರೆ ಹೊರಗಿದ್ದವರು ಅಕ್ಷತೆ ಹಾಕುತ್ತಾರೆ. ಸಾಮಾನ್ಯವಾಗಿ ವೀಳ್ಯದೆಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಮುಗಿಯುವ ಕೆಲಸ.

"ನಮ್ಮ ಹುಡುಗನ ಮಾತು ಸ್ವಲ್ಪ ನಿಧಾನ. ಅವನ ಜೊತೆ ಒಳಗೆ ನಾನೇ ಬರ್ತೀನಿ. ಗಂಟಲು ಸರಿಮಾಡಿಕೊಳ್ಳೋದ್ರೊಳಗೆ ಮುಗಿಸಿಕೊಡ್ತೀನಿ" ಎಂದಳು ಶಿವಗಂಗಕ್ಕ.

"ಮದುವೆ ನಿಮ್ಮನ್ನಲ್ಲ ಅಲ್ವಾ ನಾನು ಆಗೋದು?" ಎಂದಳು ದೇವೀರಮ್ಮ.

ಶಿವಗಂಗಕ್ಕ ನನ್ನ ಮುಖ ನೋಡಿದಳು. ನಾನು ಹಪ್ಪಳ ನೋಡಿದೆ.

"ತಪ್ಪು ತಿಳ್ಕೋಬೇಡಿ ಅಕ್ಕಾ" ಎಂದು ದೇವೀರಮ್ಮನೇ ದನಿ ತಗ್ಗಿಸಿದಳು. "ನನಗೆ ಅವರು ಅಂದ್ರೆ ಇಷ್ಟ. ಆದ್ರೆ ಅವರು ಶುರು ಮಾಡಿದ ಮಾತು ಅವರೇ ಮುಗಿಸ್ಬೇಕು. ಏನಾದ್ರೂ ಆಗಲಿ, ಎಷ್ಟು ಹೊತ್ತಾದ್ರೂ ಆಗಲಿ. ಮುಗಿಸಿದ್ರೆ ಆಮೇಲಿಂದು ನಾನು ನೋಡ್ಕೋತೀನಿ. ಯಾರ ಕೊನೆಗಾದ್ರೂ ತಲೆ ಆಡಿಸಿದ್ರೋ, ಈ ಸಂಬಂಧ ಬೇಡ. ಸಾಕ್ಷಿಗೆ ಈ ಅಕ್ಕ ಇರಲಿ. ಇವರು ಕಡಿಮೆ ಮಾತಾಡ್ತಾರೆ" ಎಂದು ನನ್ನ ಕಡೆ ತಿರುಗಿದಳು. ಹೊಗಳಿದಳೋ ಹೇಗೋ ತಿಳಿಯಲಿಲ್ಲ.

ದಾರಿಯುದ್ದಕ್ಕೂ ಶಿವಗಂಗಕ್ಕ, "ಎಂಥಾ ಗಟ್ಟಿಗಿತ್ತಿ ಕಣೇ ಅಂಬುಜಾ! ಇದು ಆಗೋ ಮಾತಾ? ಪಾಪ, ಅವನು ಅಲ್ಲೇ ಒಣಗಿಹೋಗ್ತಾನೆ" ಎನ್ನುತ್ತ ಬಂದಳು. ಷರತ್ತನ್ನು ಮುರಿಗೆಪ್ಪನಿಗೆ ಹೇಳಿದಾಗ ಅವನು ಕೈಯಲ್ಲಿದ್ದ ಜರಡಿಯನ್ನು ಆಡಿಸುತ್ತಲೇ ಇದ್ದ. ಹಿಟ್ಟೆಲ್ಲ ಬಿದ್ದು ಬರಿ ಜರಡಿ ಆಡುತ್ತಿತ್ತು.

ಗೊತ್ತಾದ ದಿನ ಬೆಳಗಿನ ತಿಂಡಿ ಮುಗಿಸಿ ಎಲ್ಲರೂ ದೇವೀರಮ್ಮನ ಮನೆಯಲ್ಲಿ ಸೇರಿದೆವು. ಅವಳ ಕಡೆಯಿಂದ ಸೋದರಮಾವ ಗುರುಶಾಂತಪ್ಪ ಮತ್ತು ಅಡುಗೆಗೆ ಬಂದ ಪಕ್ಕದ ಮನೆಯ ಹೆಂಗಸರು. ನಮ್ಮ ಕಡೆಯಿಂದ ನನ್ನ ಗಂಡ, ಶಿವಗಂಗಕ್ಕ. ಮುರಿಗೆಪ್ಪ, ದೇವೀರಮ್ಮ, ಸಾಕ್ಷಿಯಾಗಿ ನಾನು, ಮೂವರು ಒಳಕೋಣೆಗೆ ಹೋದೆವು. ಅಲ್ಲಿ ಒಂದು ಚಾಪೆ, ಒಂದು ದೇವರ ಕ್ಯಾಲೆಂಡರು, ಮೂಲೆಯಲ್ಲಿ ಒಣಮೆಣಸಿನಕಾಯಿಯ ದೊಡ್ಡ ಬುಟ್ಟಿ. ದೇವೀರಮ್ಮ ಬಾಗಿಲು ಮುಚ್ಚಿ ಬಂದು ಕುಳಿತಳು.

ಮುರಿಗೆಪ್ಪ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದನೆಂದು ಕಾಣುತ್ತದೆ, ಒಂದೇ ಉಸಿರಿನಲ್ಲಿ ಬಹಳ ದೂರ ಬಂದ. "ದೇವೀರಮ್ಮ, ನಿಮ್ಮನ್ನ ಮದುವೆ ಆಗೋಕೆ ನನಗೆ" ಎಂದ. ಬಾಗಿಲು ಚೌಕಟ್ಟಿಗೆ ಬಿಗಿದುಕೊಂಡ ಸದ್ದು ಕೇಳಿಸಿತು. ಅವನ ಕಣ್ಣು ಸೂರಿಗೆ ಹೋಯಿತು.

ಹೊರಗೆ ಬಳೆಗಳ ಸದ್ದು ಅತ್ತಿತ್ತ ಓಡಾಡಿತು. ಶಿವಗಂಗಕ್ಕ ತನ್ನ ಕೈಲಾದಷ್ಟು ಹೊತ್ತು ತಡೆದುಕೊಂಡಳು, ಅದು ಹೆಚ್ಚು ಹೊತ್ತಲ್ಲ. ಕಿಂಡಿಯಲ್ಲಿ ಅವಳ ಬಾಯಿ ಕಾಣಿಸಿತು. "ಇಷ್ಟ! ಇಷ್ಟ ಅಂತೀಯೇನೋ? ಒಪ್ಪಿಗೆ ಅಂತೀಯಾ? ಸಂತೋಷ ಅಂತೀಯಾ?"

ಒಂದಕ್ಕಿಂತ ಒಂದು ಚಂದದ ಕೊನೆಗಳು. ಮುರಿಗೆಪ್ಪ ಅಭ್ಯಾಸಬಲದಿಂದ ಕಿಂಡಿಯ ಕಡೆ ತಿರುಗಿದ. ಅವನ ಕುತ್ತಿಗೆಯ ನರ ಸಡಿಲವಾಗುವುದು ನನಗೆ ಕಂಡಿತು. ಗದ್ದ ಇನ್ನೇನು ಕೆಳಗಿಳಿಯಬೇಕು, ದೇವೀರಮ್ಮ ಎರಡೂ ಕೈ ಚಾಚಿ ಅವನ ಮುಖ ಹಿಡಿದುಕೊಂಡಳು. ನಾನು ಸಾಕ್ಷಿಯಾದ್ದರಿಂದ ಕ್ಯಾಲೆಂಡರು ನೋಡಿದೆ.

"ಬೇಡ" ಎಂದಳು ಮೆಲ್ಲಗೆ. ಆಮೇಲೆ ಎದ್ದು ಹೋಗಿ ಕಿಂಡಿಗೆ ಬೆನ್ನು ಕೊಟ್ಟು ಕುಳಿತಳು. ಶಿವಗಂಗಕ್ಕನ ದನಿ ಅವಳ ಸೆರಗಿನ ಹಿಂದೆ ಗೊಣಗೊಣ ಆಯಿತು.

ಹೊತ್ತು ಏರಿತು. ದೇವೀರಮ್ಮ ಅವನ ಮುಖವನ್ನೇ ನೋಡುತ್ತ ಕೂರಲಿಲ್ಲ. ಹಾಗೆ ನೋಡಿದರೆ ಯಾರಿಗೆ ತಾನೆ ಮಾತು ಬಂದೀತು? ಮೆಣಸಿನಕಾಯಿಯ ಬುಟ್ಟಿ ಎಳೆದುಕೊಂಡು ತೊಟ್ಟು ಮುರಿಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ರಾಶಿ ಅವನ ಮುಂದಕ್ಕೆ ದೂಡಿದಳು. ಅವನೂ ಮುರಿಯತೊಡಗಿದ. ಮಧ್ಯಾಹ್ನ ಕಿಂಡಿಯಿಂದ ಊಟ ಬಂತು. ತಟ್ಟೆ ತೆಗೆದುಕೊಳ್ಳಲು ಅವಳು ಸರಿದದ್ದೇ ತಡ, "ಮುರಿಗಾ, ಪಾಯಸ ಆರಿಹೋಗ್ತದೆ ಕಣೋ, ಹೂಂ ಅಂದ್ಬಿಡೋ, ನನ್ನಪ್ಪ ಅಲ್ವಾ" ಎಂದು ದನಿಯೂ ಜೊತೆಗೆ ಬಂತು. ಹಿಂದಿನಿಂದ ಗುರುಶಾಂತಪ್ಪ, "ತಾಯೀ, ಪಾಯಸ ಆರಿದ್ರೂ ರುಚಿ ಇರ್ತದೆ, ನೀವು ಸುಮ್ನಿರಿ" ಎನ್ನುವುದು ಕೇಳಿಸಿತು. ದೇವೀರಮ್ಮ ಮತ್ತೆ ಬೆನ್ನು ಕೊಟ್ಟಳು.

ಊಟವಾದ ಮೇಲೆ ನನಗೆ ಹಿತ್ತಲಿಗೆ ಹೋಗಬೇಕೆನ್ನಿಸಿತು. ಇಂಥ ವಿಷಯವನ್ನು ಎಷ್ಟು ಮುಚ್ಚಿಟ್ಟರೂ ಕೂತ ಭಂಗಿ ಹೇಳಿಬಿಡುತ್ತದೆ. ಮುರಿಗೆಪ್ಪ ನೋಡಿದ. ಅವನ ಜೀವಮಾನದ ತೊಂದರೆಯೇ ಅದು, ಇನ್ನೊಬ್ಬರ ತೊಂದರೆ ಬೇಗ ಕಾಣುವುದು. ಅವನ ತಲೆ ಕಿಂಡಿಯ ಕಡೆ ಹೊರಳಿತು. ಅಲ್ಲಿ 'ಇಷ್ಟ' ಕಾಯುತ್ತಿತ್ತು, 'ಒಪ್ಪಿಗೆ' ಕಾಯುತ್ತಿತ್ತು.

"ನನ್ನ ಚಿಂತೆ ಬಿಡಪ್ಪಾ, ನಾನು ಆರಾಮಾಗಿದೀನಿ" ಎಂದೆ. ಅಂಥ ಸುಳ್ಳನ್ನು ನಾನು ಅದಕ್ಕೆ ಮುಂಚೆ ಹೇಳಿರಲಿಲ್ಲ.

ಅವನು ಮತ್ತೆ ಮೆಣಸಿನಕಾಯಿ ಕೈಗೆತ್ತಿಕೊಂಡ. ಬಿಸಿಲು ಹಂಚಿನ ಸಂದಿಯಿಂದ ಬಂದು ಚಾಪೆ ದಾಟಿ ಗೋಡೆ ಹತ್ತಿತ್ತು. ಘಾಟಿಗೆ ಮೂವರ ಕಣ್ಣಲ್ಲೂ ನೀರು. ಆಗ, ಕೈಯಲ್ಲಿದ್ದ ಕಾಯನ್ನು ನೋಡುತ್ತ, ಮುರಿಗೆಪ್ಪ, "ಭಯ" ಎಂದ.

ದೇವೀರಮ್ಮನ ಕೈ ನಿಂತಿತು. ಎಲ್ಲ ಮುಗಿಯಿತು ಎಂದುಕೊಂಡು ನಾನು ಬಾಗಿಲು ನೋಡಿದೆ. ಅದು ತೆರೆಯಲಿಲ್ಲ. ಇನ್ನೂ ಇತ್ತು.

"ನಿಮಗೂ… ಒಂದಿನ… ಸಾಕಾಗುತ್ತೆ" ಎಂದ. ಒಂದೊಂದು ಪದವನ್ನೂ ತೊಟ್ಟಿನ ಹಾಗೆ ಮುರಿದು ಮುರಿದು ಇಡುತ್ತಿದ್ದ. "ಆಗ ನೀವೂ… ಕೊನೆ ಕೊಡೋಕೆ ಶುರು ಮಾಡ್ತೀರಿ. ನಾನು… ನಿಮಗೂ ತಲೆ ಆಡಿಸಿಬಿಡ್ತೀನಿ. ಆಮೇಲೆ ನನ್ನ ಮಾತು… ಯಾರ ಹತ್ರಾನೂ… ಇರಲ್ಲ ಅಂತ."

ಬಾಗಿಲು ಸಡಿಲಗೊಂಡು ತಾನಾಗಿ ಸ್ವಲ್ಪ ಹಿಂದಕ್ಕೆ ಸರಿಯಿತು.

ನಲವತ್ತರ ಹತ್ತಿರ ಬಂದ ಮನುಷ್ಯ ಅವನು. ಮುಚ್ಚಿದ ಕೋಣೆಯಲ್ಲಿ ಒಂದು ಮಾತನ್ನು ಈ ತುದಿಯಿಂದ ಆ ತುದಿಯ ತನಕ ತಾನೇ ನಡೆಸಿಕೊಂಡು ಹೋದದ್ದನ್ನು ನಾನಂತೂ ನೋಡಿರಲಿಲ್ಲ. ಅವನಿಗೂ ಆಶ್ಚರ್ಯವಾದಂತಿತ್ತು, ತೆರೆದ ಬಾಗಿಲನ್ನು ಯಾರು ತೆರೆದರೋ ಎನ್ನುವ ಹಾಗೆ ನೋಡುತ್ತಿದ್ದ. ದೇವೀರಮ್ಮ ಅಳುತ್ತಿದ್ದಳು, ಮೆಣಸಿನಕಾಯಿಯ ಅಳುವಿಗೂ ಇದಕ್ಕೂ ವ್ಯತ್ಯಾಸ ತಿಳಿಯದಷ್ಟು ನಾನು ದಡ್ಡಿಯಲ್ಲ. ಆದರೆ ಅದನ್ನು ನೋಡುತ್ತ ನಿಲ್ಲುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಕ್ಷತೆ ಹಿಡಿದು ನಿಂತವರ ನಡುವೆ ದಾರಿ ಮಾಡಿಕೊಂಡು ಹಿತ್ತಲಿಗೆ ಓಡಿದೆ.

ವಾಪಸು ಬರುವಷ್ಟರಲ್ಲಿ ಬಾಗಿಲು ಮತ್ತೆ ಮುಚ್ಚಿತ್ತು.

"ನೋಡೇ ಅಂಬುಜಾ!" ಎಂದು ಶಿವಗಂಗಕ್ಕ ನನ್ನ ಮೇಲೆ ಬಿದ್ದಳು. "ನಾವು ಒಳಗೆ ಕಾಲಿಡೋಕೆ ಮುಂಚೆ ಎದ್ದು ಬಂದು ಮುಖದ ಮೇಲೆ ಬಾಗಿಲು ಹಾಕಿದಳು! ಈಗ ನನ್ನ ಸರದಿ ಅಂದಳು! ಸಾಕ್ಷಿ ಇಲ್ಲ, ಏನಿಲ್ಲ!" ಆಮೇಲೆ ದನಿ ಇಳಿಸಿ, "ಅವನು ಏನಂದನೇ? ಇಷ್ಟ ಅಂದನಾ?"

"ಭಯ ಅಂದ" ಎಂದೆ.

"ಭಯವಾ?"

"ಹೂಂ, ಭಯ." ಮಿಕ್ಕದ್ದನ್ನೂ ಹೇಳಿದೆ.

ಅವಳು ಜಗಲಿಯ ಕಂಬಕ್ಕೆ ಒರಗಿದಳು. ಶಿವಗಂಗಕ್ಕ ಸುಮ್ಮನಿದ್ದಾಗ ಅವಳ ಮುಖ ಅವಳ ತಮ್ಮನ ಮುಖದ ಹಾಗೆಯೇ ಇರುತ್ತದೆ, ಅದು ನನಗೆ ಅದುವರೆಗೆ ಗೊತ್ತಿರಲಿಲ್ಲ. "ಎಷ್ಟೆಲ್ಲಾ ಕೇಳಿದೀನಿ ಅವನನ್ನ, ಚಿಕ್ಕಂದಿನಿಂದ. ಇದೊಂದು ಕೇಳ್ಲಿಲ್ಲ ನೋಡು" ಎಂದಳು.

ಒಳಗಿಂದ ದೇವೀರಮ್ಮನ ದನಿ ಸ್ಪಷ್ಟವಾಗಿ ಬಂತು. "ಮುರಿಗೆಪ್ಪ, ನಾನು ನಿಮ್ಮ ಜೊತೆ" ಎಂದಳು. ಬಾಗಿಲು ಬಿಗಿದುಕೊಂಡಿತು. ಅಲ್ಲಿಗೆ ನಿಂತಳು.

ಅಂಗಡಿ ಬೀದಿಯನ್ನೇ ನಿಲ್ಲಿಸಿ ಕೇಳಿಸುವ ಬಾಯಿ ಅದು. ಪದ ಸಿಕ್ಕದೆ ನಿಂತಿತೆಂದು ನಾವು ಯಾರೂ ನಂಬಲಿಲ್ಲ. ಕಿವಿಗೊಟ್ಟೆವು. ಮುರಿಗೆಪ್ಪ ಕೊನೆ ಕೊಡಲಿಲ್ಲ. ಅವಳೂ ಮುಂದುವರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತೊಟ್ಟು ಮುರಿಯುವ ಸದ್ದು ಶುರುವಾಯಿತು, ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ. ನಡುವೆ ಒಂದು ಸಲ ಮುರಿಗೆಪ್ಪ ನಕ್ಕಂತೆ ಕೇಳಿಸಿತು.

ಶಿವಗಂಗಕ್ಕ ಎದ್ದಳು. ಸೀರೆ ಕೊಡವಿಕೊಂಡು ಕಿಂಡಿಯ ಕಡೆ ನಡೆದಳು. ನನ್ನ ಗಂಡ ತಡೆಯಲು ಹೋದ, ಗುರುಶಾಂತಪ್ಪ ಕಣ್ಣು ಮುಚ್ಚಿಕೊಂಡರು. ಅವಳು ಕಿಂಡಿಯ ಮುಂದೆ ನಿಂತು ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಪಕ್ಕದ ಮನೆಯವರನ್ನು ಕೂಗಿದಳು.

"ಏನ್ರಮ್ಮಾ, ರಾತ್ರಿಗೂ ಅಕ್ಕಿ ಹಾಕ್ರಿ. ನಾವ್ಯಾರೂ ಈಗಲೇ ಹೋಗಲ್ಲ."